ತಂಗೆವ್ವನ ಬಿಳಿ ನಾಯಿಗೊಂದು ಹೆಸರು

ಮುಧೋಳದ ತಂಗೆವ್ವನಿಗೆ ಯಾರ ಅಂಜಿಕೆಯೂ ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರನ್ನು ಮನೆಯ ಕಟ್ಟೆಗೆ ತಾಗಿಸಿದ ಡ್ರೈವರನನ್ನು ಕೆಳಗಿಳಿಸಿ, ಅವನ ಕೈಯಿಂದಲೇ ಕಟ್ಟೆಯ ಕಲ್ಲು ಕೂಡಿಸಿದ ಹೆಂಗಸು ಅವಳು. ಸಂತೆಯಲ್ಲಿ ಅವಳು ಬರುವುದು ಕಂಡರೆ ಮಾರುವವನೇ ಹುಳುಕು ಬದನೆಕಾಯಿ ತೆಗೆದು ಬದಿಗಿಡುತ್ತಿದ್ದ. ಮಾತಿಗೆ ನಿಂತಳೆಂದರೆ ಎದುರಿನವರು ಬಸ್ಸು ತಪ್ಪಿಸಿಕೊಳ್ಳುವುದು ಗ್ಯಾರಂಟಿ. ಅಂಥ ತಂಗೆವ್ವನ ಬಾಯಿಂದಲೂ ಹೊರಗೆ ಬರದ ಮಾತುಗಳು ನಾಕೈದು ಇದ್ದವು. ಅವೆಲ್ಲ ಗಂಡನ ಮನೆಯವರ ಹೆಸರುಗಳು.

ಮಾವನ ಹೆಸರು ಹಾಲಪ್ಪ. ಆದ್ದರಿಂದ ಮದುವೆಯಾಗಿ ಬಂದ ಮೂವತ್ತೆಂಟು ವರ್ಷದಲ್ಲಿ ಅವಳು ಹಾಲಿಗೆ ಹಾಲು ಅಂದವಳಲ್ಲ, ‘ಬೆಳ್ಳಂದು’ ಅನ್ನುತ್ತಿದ್ದಳು. ಭಾವ ಮಲ್ಲಪ್ಪ, ಹಾಗಾಗಿ ಮಲ್ಲಿಗೆ ‘ವಾಸನಿ ಹೂ’ ಆಯಿತು. ಅತ್ತೆ ಮುತ್ತವ್ವ, ಹಾಗಾಗಿ ಮುತ್ತು ಅನ್ನುವಂತಿಲ್ಲ, ಊರೆಲ್ಲ ಮುತ್ಯಾ ಅಂದರೆ ಇವಳೊಬ್ಬಳು ಅಜ್ಜ ಅನ್ನಬೇಕು. ಗಂಡ ಮುರಗೆಪ್ಪನ ಹೆಸರನ್ನು ಮದುವೆಯ ದಿನ ಒಡಪಿನ ಪದ ಕಟ್ಟಿ ಒಮ್ಮೆ ಹೇಳಿದ್ದೇ ಕಡೆ. ಮಾವ ತೀರಿ ಇಪ್ಪತ್ತು ವರ್ಷವಾಗಿತ್ತು. ಆದರೂ ಆ ಮನೆಯಲ್ಲಿ ಹಾಲಿಗೆ ಅದರ ಹೆಸರು ಮರಳಿ ಸಿಕ್ಕಿರಲಿಲ್ಲ.

ಎರಡು ಸಾವಿರದ ಹತ್ತನೆಯ ಇಸವಿ. ಮಗ ವೀರೇಶ ಜಮಖಂಡಿಯಲ್ಲಿ ನೌಕರಿ ಮಾಡುತ್ತಿದ್ದ. ಅಲ್ಲಿ ಅವನ ಸಾಹೇಬರಿಗೆ ವರ್ಗವಾದಾಗ, ಅವರ ಮನೆಯ ಪಾಮೇರಿಯನ್ ನಾಯಿಯ ಕೊನೆಯ ಹೆಣ್ಣು ಮರಿಯೊಂದು ಯಾರಿಗೂ ಹೋಗದೆ ಉಳಿಯಿತು. ವೀರೇಶ ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ.

ಮುಧೋಳವೆಂದರೆ ಮೊದಲೇ ನಾಯಿಗೆ ಹೆಸರಾದ ಊರು. ಇಲ್ಲಿನ ಬೇಟೆ ನಾಯಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮುರಗೆಪ್ಪನ ಅಂಗಳದಲ್ಲೂ ಒಂದಿತ್ತು. ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ, ರಾಣಾ ಅಂತ ಹೆಸರು. ರಾಣಾ ಬಂದು ಆ ಬಿಳಿ ಮರಿಯನ್ನು ಮೂಸಿ ನೋಡಿ ಸೀನಿತು.

ಮುರಗೆಪ್ಪ ತಲೆಯ ಮೇಲೆ ಕೈ ಹೊತ್ತ. “ಏನಲೇ ವೀರೇಶ, ಇದು ನಾಯೀನೋ ಅರಳಿನ ಉಂಡೀನೋ? ಇದನ್ನ ಹೊಲಕ್ಕ ಒಯ್ದ್ರ ಮೊಲಾನ ಇದನ್ನ ಹಿಡ್ಕೊಂಡು ಹೊಕ್ಕೈತಿ. ಊರಾಗ ನನ್ನ ಮಾನ ಕಳೀತೀರಿ.”

ಮರಿ ಅಷ್ಟರಲ್ಲಿ ತಂಗೆವ್ವನ ಸೀರೆಯ ಸೆರಗಿನ ಮೇಲೆ ಮುದುಡಿ ಮಲಗಿಯಾಗಿತ್ತು.

“ಇದು ಮೊಲ ಹಿಡ್ಯಾಕ ಬಂದಿಲ್ರಿ, ನನ್ನ ಜೋಡಿ ಕುಂಡ್ರಾಕ ಬಂದೈತಿ,” ಅಂದಳು ತಂಗೆವ್ವ. “ಹನ್ನೆರಡನೇ ದಿನ ಇದಕ್ಕ ಹೆಸರಿಡತೇನಿ. ಹೆಸರಿಡಾಕಿ ನಾನು. ಯಾರೂ ನಡುವ ಬಾಯಿ ಹಾಕಬ್ಯಾಡ್ರಿ.”

ನಾಯಿಮರಿಗೆ ಹನ್ನೆರಡನೇ ದಿನವೇನು ಬಂತು ಅಂತ ಎಲ್ಲರೂ ನಕ್ಕರು. ನಗಲಿ. ತಂಗೆವ್ವನ ಹಟಕ್ಕೆ ಕಾರಣವಿತ್ತು. ಈ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ನಗುನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ತಂಗೆವ್ವ ಮೂರು ಹೆತ್ತಳು. ಮೂರಕ್ಕೂ ನಾದಿನಿ ಬಂದು ತನ್ನ ಮನಸ್ಸಿಗೆ ಬಂದ ಹೆಸರಿಟ್ಟು, ಸೀರೆ ಉಡಿಸಿಕೊಂಡು ಹೋದಳು. ತಂಗೆವ್ವನಿಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಅವಳು ಯಾರ ತೊಟ್ಟಿಲಿಗೂ ಸೋದರತ್ತೆಯಾಗಲಿಲ್ಲ. ಆ ಗುದ್ದು ತಿನ್ನುವ ಆಸೆ ಅವಳಿಗೆ ಒಳಗೊಳಗೇ ಬಹಳ ಇತ್ತು.

ಅಷ್ಟೇ ಆಗಿದ್ದರೆ ಬೇರೆ ಮಾತು. ತಂಗೆವ್ವ ಅನ್ನುವ ಹೆಸರೂ ಅವಳದಲ್ಲ.

ಅನಗವಾಡಿಯ ಭೀಮಪ್ಪನ ಒಬ್ಬಳೇ ಮಗಳು ಅವಳು. ತವರಿನಲ್ಲಿಟ್ಟ ಹೆಸರು ಮುತ್ತವ್ವ, ಓಣಿಗೆಲ್ಲ ಮುತ್ತಿ. ಮದುವೆ ಗೊತ್ತಾದ ಮೇಲೆ ತಿಳಿಯಿತು, ಅತ್ತೆಯೂ ಮುತ್ತವ್ವನೇ. ಒಂದು ಮನೆಯಲ್ಲಿ ಇಬ್ಬರು ಮುತ್ತವ್ವ ಹೇಗಿರಬೇಕು? ಮಗ ಹೆಂಡತಿಯನ್ನು ಕರೆದರೆ ತಾಯಿಯ ಹೆಸರು ಹಿಡಿದು ಕರೆದಂತೆ. ಅತ್ತೆ ಸೊಸೆಯನ್ನು ಬೈದರೆ ತನ್ನನ್ನೇ ಬೈದುಕೊಂಡಂತೆ. ಮದುವೆಯ ಹಂದರದಲ್ಲೇ ಅತ್ತೆ ಅಪ್ಪಣೆ ಕೊಡಿಸಿದಳು: “ಇನ್ನ ಮ್ಯಾಲೆ ಈಕಿ ತಂಗೆವ್ವ.” ಹದಿನೇಳರ ಹುಡುಗಿ, ಯಾರನ್ನು ಕರೆದರು ಅಂತ ಹಿಂತಿರುಗಿ ನೋಡಿದ್ದಳು.

ಸರಿ, ನಾಯಿಯ ಹೆಸರಿಗೆ ಬರೋಣ. ಯಾರೂ ಬಾಯಿ ಹಾಕಬೇಡಿ ಅಂದರೆ ಸುಮ್ಮನಿರುವ ಮನೆಯೇ ಅದು? ಮೊದಲು ಬಂದವಳು ವೀರೇಶನ ಹೆಂಡತಿ ಪ್ರೀತಿ. ಆಕೆ ಹೊಸಗಾಲದವಳು, ಗಂಡನನ್ನು ಓಣಿಗೆ ಕೇಳುವಂತೆ ‘ವೀರೇಶ’ ಅಂತ ಕರೆಯುತ್ತಿದ್ದಳು.

“ಅತ್ತೀ, ಹಾಲಿನಂಗ ಐತ್ರಿ. ಹಾಲಿ ಅನ್ನೂಣು.”

“ನಿನ್ನ ಗಂಡನ ಅಜ್ಜನ ಹೆಸರು ನಾಯಿಗಿ ಇಡತೀಯೇನ?”

“ಹಂಗಾರ ಮಲ್ಲಿಗಿ?”

“ನಿಮ್ಮ ದೊಡ್ಡ ಮಾವ ಅಲ್ಲಿ ಕುಂತು ಬಿಕ್ಕಳಿಸಲೇನು?”

“ಸ್ನೋಯಿ ಅಂತ ಇಡೂಣ್ರಿ. ಸ್ನೋ ಅಂದ್ರ ಬರ್ಫರಿ.”

“ಮುಧೋಳದಾಗ ಬರ್ಫ ಐಸ್‌ಕ್ಯಾಂಡಿ ಡಬ್ಬಿ ಬಿಟ್ಟು ಬ್ಯಾರೆ ಎಲ್ಲಿ ಕಂಡೀಯಬೇ?”

ಬೆಳ್ಳಿ ಅಂತ ಒಂದು ದಿನ ಕರೆದು ನೋಡಿದರು. ಸಂಜೆ ತಂಗೆವ್ವ ಅಂಗಳದಿಂದ, “ಬೆಳ್ಳಂದು ಒಲಿ ಮ್ಯಾಲೈತ್ರಿ, ಉಕ್ಕೀತು, ಇಳಸ್ರಿ!” ಅಂತ ಕೂಗಿದ್ದೇ ತಡ, ಮುರಗೆಪ್ಪ ಮರಿ ಒಲೆ ಹತ್ತಿತೆಂದು ಎದ್ದುಬಿದ್ದು ಓಡಿದ. ಮರಿ ಬಾಗಿಲಲ್ಲೇ ಕೂತಿತ್ತು. ಹಾಲು ಒಲೆಯ ತುಂಬ ಹರಿದಿತ್ತು. ಬೆಳ್ಳಿ ಅಲ್ಲಿಗೇ ಮುಗಿಯಿತು.

ಮರುದಿನ ಹತ್ತಿ ಅಂತಾಯಿತು. ಹೆಸರು ಸಣ್ಣದು, ಮೆತ್ತಗಿನದು, ಯಾರದೂ ಅಲ್ಲ. ತಂಗೆವ್ವನಿಗೂ ಹಿಡಿಸಿತು. ಆದರೆ ಅತ್ತೆ ಮುತ್ತವ್ವನಿಗೆ ಎಂಬತ್ತು ದಾಟಿತ್ತು, ಕಿವಿ ಮಂದ. “ಹತ್ತೀ, ಬಾ ಇಲ್ಲೆ,” ಅಂದರೆ ಪಡಸಾಲೆಯಿಂದ ಮುದುಕಿ, “ಯಾಕಬೇ, ಬಂದೆ ತಡಿ,” ಅಂತ ಕೋಲು ಹುಡುಕುತ್ತಿದ್ದಳು. ಮಧ್ಯಾಹ್ನ ಮರಿ ಸೆರಗು ಹಿಡಿದು ಜಗ್ಗಿತು. ತಂಗೆವ್ವ ಗದರಿದಳು: “ಹತ್ತೀ! ಸೀರಿ ಕಡೀಬ್ಯಾಡ!”

“ಯಾರ ಸೀರಿ ಕಡದೇನಬೇ ನಾನು?” ಮುದುಕಿಯ ದನಿ ಏರಿತು. “ಬಾಯಾಗ ಒಂದ ಹಲ್ಲಿಲ್ಲ, ನನ್ನ ಮ್ಯಾಲೆ ಅಪವಾದ ಹೊರಸ್ತೀಯಲ್ಲ!”

ಪ್ರೀತಿ ಅಡುಗೆಮನೆಗೆ ಓಡಿ ಹೋಗಿ ಬಾಯಿಗೆ ಸೆರಗು ತುರುಕಿಕೊಂಡಳು. ತಂಗೆವ್ವ ಅತ್ತೆಯ ಕಾಲ ಹತ್ತಿರ ಕೂತು ಅರ್ಧ ತಾಸು ಸಮಜಾಯಿಷಿ ಹೇಳಬೇಕಾಯಿತು. ಹತ್ತಿಯೂ ಹೋಯಿತು.

ಹತ್ತನೆಯ ದಿನ ಬೆಳಿಗ್ಗೆ ತಂಗೆವ್ವ ತಲೆ ತೊಳೆದುಕೊಂಡು ಬಿಸಿಲಿಗೆ ಕನ್ನಡಿ ಹಿಡಿದು ಕೂತಿದ್ದಳು. ತೊಡೆಯ ಮೇಲೆ ಮರಿ ಗುಂಡಗೆ ಸುತ್ತಿಕೊಂಡು ಮಲಗಿತ್ತು. ಕನ್ನಡಿಯಲ್ಲಿ ತನ್ನ ಮೂಗುತಿಯ ಬಿಳಿ ಮುತ್ತು ಕಂಡಿತು, ಅದರ ಕೆಳಗೆ ಮರಿ ಕಂಡಿತು. ಹೆಸರು ತಾನಾಗಿ ನಾಲಿಗೆಗೆ ಬಂತು. ಮುತ್ತಿ. ಇದಕ್ಕೆ ಬೇರೆ ಯಾವ ಹೆಸರೂ ಒಪ್ಪುವುದಿಲ್ಲ ಅಂತ ಅವಳಿಗೆ ಆ ಕ್ಷಣಕ್ಕೇ ಗೊತ್ತಾಯಿತು. ನಾಲಿಗೆಗೆ ಬಂದದ್ದು ತುಟಿ ಮಾತ್ರ ದಾಟಲಿಲ್ಲ.

ಆ ಹೆಸರು ಒಮ್ಮೆ ಹೀಗೇ ತುಟಿಯ ಹತ್ತಿರ ನಿಂತು ಅವಳ ಮಾನ ತೆಗೆದಿತ್ತು. ಹನ್ನೆರಡು ವರ್ಷದ ಹಿಂದಿನ ಮಾತು. ಆಣೆಕಟ್ಟಿನ ಹಿನ್ನೀರು ಬರುತ್ತದೆಂದು, ಪರಿಹಾರ ಕೊಡಲು ಅನಗವಾಡಿಯ ಮುಳುಗಡೆ ಮನೆಗಳ ಪಟ್ಟಿ ಮಾಡುತ್ತಿದ್ದರು. ತಂದೆ ತಾಯಿ ಇಬ್ಬರೂ ಆಗಲೇ ಇರಲಿಲ್ಲ. ಮನೆಗೆ ಹಕ್ಕುದಾರಳು ಅಂತ ತಂಗೆವ್ವನನ್ನು ಕಚೇರಿಗೆ ಕರೆಸಿದರು. ಕಾಗದದಲ್ಲಿ ಭೀಮಪ್ಪನ ಮಗಳ ಹೆಸರು ಒಂದು, ಎದುರಿಗೆ ನಿಂತವಳ ಹೆಸರು ಇನ್ನೊಂದು.

“ನಿಮ್ಮ ತವರಮನಿ ಹೆಸರು ಏನ್ರೀ?” ಕೇಳಿದ ಗುಮಾಸ್ತ.

“ನಮ್ಮ ಅತ್ತಿ ಹೆಸರರೀ.”

“ಅತ್ತಿ ಹೆಸರೇನು?”

“ಅದನ್ನ ಹೇಳಾಕ ಬರಂಗಿಲ್ರಿ.”

“ನಿಮ್ಮ ಹೆಸರು ಹೇಳ್ರೆವ್ವಾ ಅಂದ್ರ!”

“ಅದ ಹೇಳಾಕತ್ತೇನಲ್ರೀ, ಅತ್ತಿ ಹೆಸರ ನನ್ನ ಹೆಸರು!” ತಂಗೆವ್ವ ಬೆವತು, ಕಡೆಗೆ ಮೂಗುತಿ ಮುಟ್ಟಿ ತೋರಿಸಿದಳು. “ಇದರಾಗ ಇರೂದರೀ.”

ಗುಮಾಸ್ತ ಮೂಗು ನೋಡಿದ, ತಲೆ ಆಡಿಸಿದ, ‘ಮೂಗವ್ವ’ ಅಂತ ಬರೆದ. ಊರು ಬೆದರಿಸುವ ಹೆಂಗಸು ಸರಕಾರಿ ಕಾಗದದಲ್ಲಿ ಮೂಗಿಯಾದಳು. ಸಾಲಿನಲ್ಲಿ ನಿಂತಿದ್ದ ತವರಿನ ನೆರೆಯವ, ಮುದುಕ ರೇವಪ್ಪ, ಕೋಲು ಕುಟ್ಟಿ ಮುಂದೆ ಬಂದ. “ಸಾಹೇಬ್ರ, ಆಕಿ ನಮ್ಮ ಮುತ್ತಿರೀ. ಭೀಮಪ್ಪನ ಮಗಳು ಮುತ್ತವ್ವ. ನನ್ನ ಕಣ್ಮುಂದ ಆಡಿ ಬೆಳದಾಕಿ.” ಗುಮಾಸ್ತ ಹೊಡೆದು ಹಾಕಿ ತಿದ್ದಿದ: ಮುತ್ತವ್ವ ಉರ್ಫ್ ತಂಗೆವ್ವ. ಮುಂದೆ ಆ ಓಣಿಯ ಜನ ಒಬ್ಬೊಬ್ಬರು ಒಂದೊಂದು ಕಡೆ ಹೋಗಿ ನೆಲೆಯಾದರು. ರೇವಪ್ಪನೂ ಹೋದ. ಆ ದಿನ ಕಚೇರಿಯಲ್ಲಿ ಕೇಳಿದ್ದೇ ಕಡೆ, ಮತ್ತೆ ಯಾರೂ ಅವಳನ್ನು ಮುತ್ತಿ ಅಂತ ಕರೆದಿರಲಿಲ್ಲ.

ಮನೆ ಹೋದದ್ದಕ್ಕೆ ತಂಗೆವ್ವ ಒಂದೇ ದಿನ ಅತ್ತಿದ್ದಳು. ಹೆಸರು ಹೋದದ್ದನ್ನು ಮಾತ್ರ ಮರೆಯಲಾಗಿರಲಿಲ್ಲ. ಈಗ ಈ ಮರಿಗಾದರೂ ಅದು ಸಿಗಲಿ, ದಿನಕ್ಕೆ ಹತ್ತು ಸಲ ಮನೆಯಲ್ಲಿ ಯಾರಾದರೂ ಅದನ್ನು ಕೂಗಲಿ ಅಂತ ಅವಳಿಗೆ ಅನ್ನಿಸಿತು. ಇಲ್ಲವಾದರೆ ತನ್ನ ಜೊತೆಗೇ ಅದು ಮುಗಿದುಹೋಗುತ್ತದೆ. ಆದರೆ ಬದುಕಿರುವ ಅತ್ತೆಯ ಹೆಸರನ್ನು ನಾಯಿಗಿಡುವುದೆಂದರೆ ಆಟವೇ? ಮುದುಕಿ ನೊಂದುಕೊಂಡರೆ ಮನೆಯಲ್ಲಿ ತಾನು ಮುಖ ಎತ್ತುವಂತಿಲ್ಲ. ಎರಡು ದಿನ ತಂಗೆವ್ವ ಯಾರ ಜೊತೆಗೂ ಜಗಳ ತೆಗೆಯಲಿಲ್ಲ. ಅಷ್ಟಕ್ಕೇ ಮುರಗೆಪ್ಪನಿಗೆ ಗಾಬರಿಯಾಯಿತು.

ಹನ್ನೆರಡನೇ ದಿನ ರೊಟ್ಟಿ ಬುಟ್ಟಿಯಲ್ಲಿ ಕೌದಿ ಹಾಸಿ ಮರಿಯನ್ನು ಮಲಗಿಸಿದರು. ಓಣಿಯ ನಾಲ್ಕು ಹೆಂಗಸರು ಹೆಸರಿಡುವ ದಿನ ಬೇಯಿಸಿ ಹಂಚುವ ಗುಗ್ಗರಿಯ ಆಸೆಗೋ ನಗುವಿನ ಆಸೆಗೋ ಬಂದು ಸುತ್ತ ನಿಂತರು. ಪಡಸಾಲೆಯ ಕಂಬಕ್ಕೆ ಒರಗಿ ಅತ್ತೆ ಮುತ್ತವ್ವ ಕೂತಿದ್ದಳು. ತಂಗೆವ್ವ ಬುಟ್ಟಿಯ ಮೇಲೆ ಬಗ್ಗಿದಳು. “ಕುರ್ರ್...” ಅಂದಳು. ಮುಂದಿನದು ಮರಿಗೆ ಮಾತ್ರ ಕೇಳಿತು.

“ಏನಂತ ಇಟ್ಟೆಬೇ? ನನಗ ಕೇಳಲಿಲ್ಲ, ಗಟ್ಟಿ ಹೇಳು,” ಅಂದಳು ಅತ್ತೆ.

ತಂಗೆವ್ವ ಎದ್ದು ನಿಂತಳು. ಹೇಳುವುದಾದರೆ ಹೀಗೇ, ಎಲ್ಲರ ಎದುರಿಗೇ ಹೇಳಬೇಕು, ಕದ್ದು ಇಡುವ ಹೆಸರಲ್ಲ ಅದು ಅಂದುಕೊಂಡಳು.

“ಮುತ್ತಿ,” ಅಂದಳು ಗಟ್ಟಿಯಾಗಿ.

ಗುದ್ದಲು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಮುರಗೆಪ್ಪ ಅಂಗಳಕ್ಕೆ ಇಳಿದು ರಾಣಾನ ಸರಪಳಿ ಸರಿಮಾಡತೊಡಗಿದ. ಈ ಸಲ ಮಾತ್ರ ಮುದುಕಿಗೆ ಕಿವಿ ಚೆನ್ನಾಗಿ ಕೇಳಿತ್ತು.

“ನನ್ನ ಹೆಸರು ನಾಯಿಗಿ ಇಟ್ಟೆ?”

“ನಿಮ್ಮದಲ್ರೀ ಅತ್ತೀ. ನಂದು.” ತಂಗೆವ್ವನ ದನಿ ನಡುಗಲಿಲ್ಲ, ಕಣ್ಣು ಮಾತ್ರ ತುಂಬಿತು. “ನಮ್ಮಪ್ಪ ಇಟ್ಟಿದ್ದು. ನನ್ನ ಹಂಗ ಕರಿಯಾವ್ರು ಯಾರೂ ಉಳದಿಲ್ರಿ. ಅದಕ್ಕ ಇದಕ್ಕ ಕೊಟ್ಟೆ.”

ಮುದುಕಿ ಸೊಸೆಯ ಮುಖ ನೋಡಿದಳು. ಹಂದರದಲ್ಲಿ ಹಿಂತಿರುಗಿ ನೋಡಿದ್ದ ಹುಡುಗಿಯ ನೆನಪು ಅವಳಿಗೆ ಬಂತೋ ಏನೋ. ಕೈ ಚಾಚಿ, ಹತ್ತಿರ ಬಾ ಅಂದಳು. ತಂಗೆವ್ವ ಬಂದು ಕೂತಳು.

“ಈ ಹೆಸರು ನಾಯಿಗಿ ಬ್ಯಾಡಬೇ,” ಅಂದಳು ಮುದುಕಿ. “ಅದರ ಒಡತಿ ಇನ್ನೂ ಗಟ್ಟಿಮುಟ್ಟಾಗಿ ಅದಾಳ. ನಿನ್ನದು ನೀ ಇಟ್ಕೋ. ನಾ ಅಂದು ಒಂದು ಕೊಟ್ಟಿದ್ನಲ್ಲ, ತಂಗೆವ್ವ ಅಂತ, ಅದನ್ನ ಬೇಕಾರ ಅದಕ್ಕ ಕೊಡು.”

ತಂಗೆವ್ವ ಕಣ್ಣೊರೆಸಿಕೊಂಡಳು. ಆಮೇಲೆ ನಗು ಬಂತು, ತಡೆಯಲಾಗದ ನಗು. ಎದ್ದು ಹೋಗಿ ಮತ್ತೆ ಬುಟ್ಟಿಯ ಮೇಲೆ ಬಗ್ಗಿ, ಈ ಸಲ ಓಣಿಗೆಲ್ಲ ಕೇಳುವಂತೆ ಹೇಳಿದಳು: “ಕುರ್ರ್... ತಂಗಿ!”

ಬೆನ್ನಿಗೆ ದಬದಬ ಗುದ್ದು ಬಿದ್ದವು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಪ್ರೀತಿ. ತಂಗಿ ಬೆದರಿ ಬುಟ್ಟಿಯಿಂದ ಜಿಗಿದು, ಹೋಗಿ ರಾಣಾನ ಕಾಲ ಸಂದಿಯಲ್ಲಿ ಕೂತಿತು. ರಾಣಾ ಈ ಸಲ ಸೀನಲಿಲ್ಲ.

ಮರುದಿನ ಬೆಳಿಗ್ಗೆ ಭೀಮಪ್ಪನ ಮಗಳು ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಿಂದ ಅತ್ತೆ ಕೂಗಿದಳು: “ಮುತ್ತೀ, ಚಾ ಆತೇನ?”

ಇವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡಳು. ಎರಡನೇ ಸಲ ಕೂಗಿದಾಗ ಕೈ ನಿಂತಿತು. ದಿನಾಲೂ ‘ಬಂದ್ನಿರೀ ಅತ್ತೀ’ ಅನ್ನುವವಳ ಬಾಯಲ್ಲಿ ಆ ಹೊತ್ತು ಬೇರೆಯೇ ಮಾತು ಬಂತು.

“ಬಂದೆ ಯವ್ವಾ,” ಅಂದಳು, “ಹಾಲು ಕಾಯಾಕತ್ತೈತಿ.”