ಕಾಯಿ ಸುಲಿದ ಚಿಕ್ಕಮಾರಮ್ಮ

ಚಿಕ್ಕಮಾರಮ್ಮನ ತವರು ಕುಣಿಗಲ್ ಕಡೆ. ಕೊಟ್ಟಿದ್ದು ಗುಬ್ಬಿ ತಾಲ್ಲೂಕಿಗೆ, ಚೇಳೂರಿನಿಂದ ಇನ್ನೂ ಒಳಗೆ ನಡೆದು ಹೋಗಬೇಕಾದ ಒಂದು ತೋಟದ ಊರಿಗೆ. ಗಂಡ ಅಡವಿಯಪ್ಪನಿಗೆ ಹೊಲವಿರಲಿಲ್ಲ, ಸ್ವಂತ ಮನೆಯಿರಲಿಲ್ಲ. ತೆಂಗಿನ ಮರ ಹತ್ತುವುದೊಂದೇ ಅವನ ಆಸ್ತಿ. ಪಟೇಲ ಅಣ್ಣಯ್ಯಪ್ಪನವರ ತೋಟದಲ್ಲಿ ಕಾಯಿ ಕೀಳುತ್ತಿದ್ದ. ತೋಟದ ಬೇಲಿ ಪಕ್ಕದಲ್ಲಿ ಅವರೇ ಕೊಟ್ಟ ಗರಿಯ ಗುಡಿಸಲಲ್ಲಿ ಹೆಂಡತಿ ಮತ್ತು ಮಗಳು ಸಿದ್ದಗಂಗಿಯೊಂದಿಗೆ ಇದ್ದ. ಕೂಲಿ ಬಹುಪಾಲು ರಾಗಿಯಲ್ಲೇ ಬರುತ್ತಿತ್ತು. ಮೂವರ ಹೊಟ್ಟೆಗೆ ಒಂದಿಷ್ಟು ಸಾಲದು ಅನ್ನುವಷ್ಟು ಬರುತ್ತಿತ್ತು, ಹೆಂಗೋ ನಡೆಯುತ್ತಿತ್ತು.

ಐವತ್ತೆಂಟನೇ ಇಸವಿಯ ಮುಂಗಾರಿನಲ್ಲಿ ಊರಿಗೆ ಜೀಪು ಬಂತು. ಊರು ಸರ್ಕಾರದ ಅಭಿವೃದ್ಧಿ ಬ್ಲಾಕಿಗೆ ಸೇರಿದೆ, ಇನ್ನು ರಸ್ತೆಯಾಗುತ್ತದೆ, ಬಾವಿ ತೋಡುತ್ತಾರೆ ಎಂದು ಹೇಳಲು ಅಧಿಕಾರಿಗಳು ಬಂದಿದ್ದರು. ಪಟೇಲರ ಜಗಲಿಯ ಮೇಲೆ ಜಮಖಾನ ಹಾಸಿದ್ದರು. ಎಳನೀರು ಕೆಡವು ಎಂದು ಅಡವಿಯಪ್ಪನಿಗೆ ಹೇಳಿಕಳಿಸಿದರು. ಬೆಳಗ್ಗೆಯಷ್ಟೇ ಮಳೆ ಬಿದ್ದು ಮರದ ಮೈ ಪಾಚಿಗಟ್ಟಿದಂತೆ ಜಾರುತ್ತಿತ್ತು. ಸ್ವಲ್ಪ ಬಿಸಿಲು ಬೀಳಲಿ, ಹತ್ತುತ್ತೇನೆ ಎಂದು ಅವನು ಕೇಳಿಕೊಂಡ.

"ಸಾಹೇಬ್ರು ನಿನ್ನ ಬಿಸಿಲು ಕಾಯ್ಕಂಡು ಕೂತಿರ್ತಾರೇನ್ಲಾ?" ಎಂದರು ಪಟೇಲರು. ಅವನು ಹತ್ತಿದ.

ಚಿಕ್ಕಮಾರಮ್ಮ ಅತ್ತಕಡೆ ನಾರು ಬಿಡಿಸುತ್ತ ಕೂತಿದ್ದಳು. ದೊಪ್ಪನೆ ಸದ್ದಾದಾಗ ಗೊನೆ ಬಿತ್ತು ಅಂದುಕೊಂಡಳು. ಜನ ಓಡಿದ್ದು ಕಂಡ ಮೇಲೆ ಅವಳೂ ಎದ್ದಳು.

ಆ ಅಧಿಕಾರಿ ಒಳ್ಳೆಯವನೇ. ತನ್ನ ಜೀಪಿನಲ್ಲೇ ಅಡವಿಯಪ್ಪನನ್ನು ಮಲಗಿಸಿ ತುಮಕೂರಿನ ಆಸ್ಪತ್ರೆಗೆ ಸಾಗಿಸಿದ. ಅಲ್ಲಿ ಕೈಲಾದದ್ದನ್ನೆಲ್ಲ ಮಾಡಿ, ಸೊಂಟದ ಕೆಳಗೆ ಇನ್ನು ಜೀವ ಬರುವುದಿಲ್ಲ, ಮನೆಗೆ ಕರೆದುಕೊಂಡು ಹೋಗಮ್ಮ ಎಂದರು. ಗುಬ್ಬಿಯವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ಗಾಡಿ ಕುಲುಕಿದಾಗಲೆಲ್ಲ ಅವಳು ಅವನ ಕಾಲುಗಳನ್ನು ಹಿಡಿದುಕೊಳ್ಳುತ್ತಿದ್ದಳು. ಹಿಡಿದದ್ದು ಅವನಿಗೆ ತಿಳಿಯುತ್ತಿರಲಿಲ್ಲ.

ಪಟೇಲರು ಒಂದು ಮೂಟೆ ರಾಗಿ ಕಳಿಸಿದರು. ಆ ಮೂಟೆ ಬರಿದಾಗುವ ಹೊತ್ತಿಗೆ ಇನ್ನೊಂದು ಮಾತೂ ಬಂತು. ಮರ ಹತ್ತಲು ಬೇರೊಬ್ಬ ಸಿಕ್ಕಿದ್ದಾನೆ, ಅವನಿಗೂ ಸಂಸಾರವಿದೆ, ಗುಡಿಸಲು ಬಿಡಬೇಕು. ಮಲಗಿದವನನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಅವಳು ಪಟೇಲರ ಹತ್ತಿರ ಹೋಗಲಿಲ್ಲ. ಅವರ ತಾಯಿ ರಂಗಲಕ್ಷ್ಮಮ್ಮನ ಮುಂದೆ ಹಿತ್ತಿಲಲ್ಲಿ ನಿಂತಳು.

"ಅವ್ವಾ, ಗುಡ್ಲು ಕೆಲ್ಸದೋರಿಗೆ ಅಂತೀರಲ್ಲ, ನನ್ನೇ ಕೆಲ್ಸದೋಳು ಅಂದ್ಕಳಿ. ಕಾಯಿ ಸುಲೀತೀನಿ."

"ಹೆಂಗಸು ಕಾಯಿ ಸುಲಿಯೋದನ್ನ ಎಲ್ಲಾದ್ರೂ ಕಂಡಿದೀಯೇನೇ?"

"ಇಲ್ಲ ಕಣವ್ವ. ನಂಗೆ ಇನ್ನೇನೂ ಉಳಿದಿಲ್ಲ."

ಮುದುಕಿ ಕೊನೆಗೆ ಒಪ್ಪಿದಳು. ಗಂಡಾಳಿಗೆ ಅಳೆಯುವ ರಾಗಿಯಲ್ಲಿ ಅರ್ಧ ಅಳೆಯುತ್ತೇನೆ ಎಂದಳು. ಹೊಸಬನಿಗೆ ದನದ ಕೊಟ್ಟಿಗೆಯ ಪಕ್ಕ ಬೇರೆ ಜಾಗ ಮಾಡಿಕೊಟ್ಟರು.

ಆ ಸೀಮೆಯಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹಾಕಿ, ಒಳಗೆ ನೀರು ಇಂಗಿ ಕೊಬ್ಬರಿಯಾಗುವವರೆಗೆ ಬಿಡುತ್ತಾರೆ. ಆಮೇಲೆ ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕುಟ್ಟಿ, ಮೈಭಾರವನ್ನೆಲ್ಲ ಹಾಕಿ ತಿರುಚಿ ಮಟ್ಟೆ ಬಿಡಿಸಬೇಕು. ಮೊದಲ ದಿನವೇ ಅವಳ ಅಂಗೈ ಒಡೆಯಿತು. ಎದೆಯ ಮೂಳೆ ನೊಂದು ಉಸಿರೆಳೆಯಲು ಕಷ್ಟವಾಯಿತು. ಗಂಡಸರು ಅವಳ ಜೊತೆ ನಿಂತು ಸುಲಿಯಲು ನಾಚಿ, ತಮ್ಮ ಮೊನೆಗಳನ್ನು ಕಿತ್ತುಕೊಂಡು ಹೋಗಿ ಕೆಲಸದ ಚಪ್ಪರದ ಆ ಕಡೆ ನೆಟ್ಟುಕೊಂಡರು. ಸುಗ್ಗಿ ಕಳೆಯುವ ಹೊತ್ತಿಗೆ ಅವಳು ಅವರಷ್ಟೇ ಕಾಯಿ ಸುಲಿಯುತ್ತಿದ್ದಳು. ಅಳತೆ ಮಾತ್ರ ಅರ್ಧವೇ ಉಳಿಯಿತು.

ಬೆಳಗ್ಗೆ ಮುದ್ದೆ ಕಟ್ಟಿಟ್ಟು ಹೋದರೆ ಅವಳು ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಎಂಟು ವರ್ಷದ ಸಿದ್ದಗಂಗಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದಳು. ಬರಬರುತ್ತ ಅಡವಿಯಪ್ಪ ಸೊರಗಿದ. ಕಾಲು ಸೊರಗುವುದು ಸರಿ, ಕತ್ತು, ಕೆನ್ನೆ, ತೋಳು ಯಾಕೆ ಹೀಗಾಗುತ್ತಿವೆ ಎಂದು ಅವಳಿಗೆ ತಿಳಿಯಲಿಲ್ಲ. ಒಂದು ದಿನ ಮಗಳನ್ನು ಹೊರಗೆ ಕರೆದು ಗದರಿಸಿ ಕೇಳಿದಳು. ಹುಡುಗಿ ಗುಡಿಸಲ ಕಡೆ ನೋಡಿ ಪಿಸುಗುಟ್ಟಿದಳು.

"ಅಪ್ಪ ವಸಿ ಮುರ್ಕಂಡು ಮಿಕ್ಕಿದ್ದೆಲ್ಲ ನಂಗೇ ಕೊಡ್ತಾನೆ. ಹೇಳ್ಬ್ಯಾಡ ಅಂದವ್ನೆ."

ಆ ವಾರವೇ ಅವಳು ಊರಿನ ಶಾಲೆಯ ಮೇಷ್ಟ್ರು ವೆಂಕಟೇಶಯ್ಯನವರನ್ನು ಕಂಡಳು. ತುಮಕೂರಿನಲ್ಲಿ ಅವರ ನೆಂಟರು ಸೀತಾರಾಮಯ್ಯ ಎಂಬ ಸರ್ಕಾರಿ ನೌಕರರಿದ್ದರು. ಅವರ ಹೆಂಡತಿ ಕೌಸಲ್ಯಮ್ಮನಿಗೆ ಕೈಗೂಸು. ತೊಟ್ಟಿಲು ತೂಗಲು ಒಂದು ಹುಡುಗಿ ಬೇಕು ಎಂದು ಮೇಷ್ಟ್ರು ಹಿಂದೆ ಹೇಳಿದ್ದು ಅವಳ ಕಿವಿಯಲ್ಲಿತ್ತು. ಹೊಟ್ಟೆ ತುಂಬ ಊಟ, ಹಬ್ಬಕ್ಕೊಂದು ಬಟ್ಟೆ. ಸಿದ್ದಗಂಗಿ ಮೇಷ್ಟ್ರ ಹಿಂದೆ ನಡೆದು ಹೋಗುವಾಗ ತಿರುಗಿ ನೋಡಲಿಲ್ಲ. ತಿರುಗಿ ನೋಡಬೇಡ ಎಂದು ಅಮ್ಮನೇ ಹೇಳಿದ್ದಳು. ಅಡವಿಯಪ್ಪ ಅಂದು ಗೋಡೆ ಕಡೆಗೆ ಮುಖ ತಿರುಗಿಸಿ ಮಲಗಿದ.

ಮಗಳು ಹೋದ ಮೇಲೂ ಅವನು ಉಣ್ಣಲಿಲ್ಲ. ಬೆಳಗ್ಗೆ ಇಟ್ಟ ಮುದ್ದೆ ಸಂಜೆಗೆ ಹಾಗೇ ಒಣಗಿ ಕೂತಿರುತ್ತಿತ್ತು.

"ಮಗಳಿಗೊಂದು ದಾರಿ ಮಾಡಿದೀನಿ. ಇನ್ಯಾರಿಗೆ ಅಂತ ಉಣ್ದೆ ಬುಡ್ತೀಯ?" ಎಂದು ಕೇಳಿದಳು.

"ನಿಂಗೆ ಕಣೇ. ನಾನಿರೋಗಂಟ ನೀನು ಆ ಮೊನೆ ಬುಟ್ಟು ಹೋಗಾಕಾಗಲ್ಲ. ನಾನೋದ್ರೆ ಕುಣಿಗಲ್‌ಗೆ ನಿಮ್ಮಣ್ಣನ ತಾವ ಹೋಗ್ತೀಯ."

ಚಿಕ್ಕಮಾರಮ್ಮ ಅವನ ಕೆನ್ನೆಗೆ ಹೊಡೆದಳು. ಹೊಡೆದ ಕೈಯಲ್ಲೇ ಮುದ್ದೆ ಮುರಿದು ಅವನ ಬಾಯಿಗೆ ತುರುಕಿದಳು. ಅವನು ನುಂಗದೆ ಬಾಯಲ್ಲೇ ಇಟ್ಟುಕೊಂಡು ಅತ್ತ. ಅದಾದ ಮೇಲೆ, ಅವಳಿಗೋಸ್ಕರ, ಒಂದಷ್ಟು ದಿನ ಉಂಡ. ಅಷ್ಟರಲ್ಲಿ ಬೆನ್ನಿನ ಹುಣ್ಣುಗಳು ಮೂಳೆಯವರೆಗೆ ಇಳಿದಿದ್ದವು. ಕಾರ್ತಿಕದಲ್ಲಿ ಜ್ವರ ಬಂದು, ಇಳಿಯದೆ, ಹೋಗಿಬಿಟ್ಟ.

ಅಣ್ಣ ಪುಟ್ಟರಂಗಯ್ಯ ಮಣ್ಣಿಗೆ ಬಂದವನು, ನಡಿ ಕುಣಿಗಲ್ಲಿಗೆ, ನಾವುಣ್ಣುವುದರಲ್ಲಿ ನೀನೂ ಉಣ್ಣುವೆಯಂತೆ ಎಂದ. ಮೊದಲು ಮಗಳನ್ನು ಕರೆತರುತ್ತೇನೆ ಎಂದು ಅವಳು ತುಮಕೂರಿಗೆ ಹೋದಳು. ಕೇಳಿಕೊಂಡು ಕೇಳಿಕೊಂಡು ಆ ಮನೆ ಹುಡುಕಿದರೆ ಬಾಗಿಲು ತೆರೆದವರು ಬೇರೆ ಯಾರೋ. ಪಕ್ಕದ ಮನೆಯ ಶಾರದ ಎಂಬ ಹೆಂಗಸು ವಿಷಯ ತಿಳಿಸಿದಳು. ಸೀತಾರಾಮಯ್ಯನವರಿಗೆ ಶಿವಮೊಗ್ಗಕ್ಕೆ ವರ್ಗವಾಗಿದೆ, ದಸರಾ ಕಳೆಯುತ್ತಲೇ ಹೊರಟರು, ಹುಡುಗಿಯನ್ನೂ ಕರೆದುಕೊಂಡು ಹೋದರು. ಶಿವಮೊಗ್ಗದಲ್ಲಿ ಎಲ್ಲಿ ಎಂದು ಅವಳಿಗೂ ಗೊತ್ತಿರಲಿಲ್ಲ. ಚಿಕ್ಕಮಾರಮ್ಮನನ್ನು ಅಂಗಳದಲ್ಲೇ ಕೂರಿಸಿ, ಎತ್ತರದಿಂದ ಅವಳ ಬೊಗಸೆಗೆ ನೀರು ಹುಯ್ದಳು. ಎಲೆಯ ಮೇಲೆ ಅನ್ನವನ್ನೂ ಹಾಕಿ ತಂದಳು. ಚಿಕ್ಕಮಾರಮ್ಮ ನೀರು ಕುಡಿದು ಎದ್ದಳು.

ಊರಿಗೆ ಬಂದು ಮೇಷ್ಟ್ರನ್ನು ಕೇಳೋಣವೆಂದರೆ ಅವರಿಗೂ ಆ ಬೇಸಿಗೆಯಲ್ಲೇ ಪಾವಗಡದ ಕಡೆ ವರ್ಗವಾಗಿ ಹೋಗಿತ್ತು. ಅಣ್ಣ ಮತ್ತೆ ಬಂದು ಕರೆದ. ಅವಳು ಹೋಗಲಿಲ್ಲ. ಮಗಳು ತಿರುಗಿ ಬಂದರೆ ಬರುವುದು ಈ ಗುಡಿಸಲಿಗೇ ಹೊರತು ಕುಣಿಗಲ್ಲಿಗಲ್ಲ ಎಂಬುದೊಂದೇ ಅವಳ ತಲೆಯಲ್ಲಿತ್ತು. ಕಾಯಿ ಸುಲಿಯುತ್ತಲೇ ಇದ್ದಳು.

ಎರಡು ವರ್ಷವಾದ ಮೇಲೆ ಮೇಷ್ಟ್ರು ಯಾವುದೋ ಮದುವೆಗೆ ಊರಿಗೆ ಬಂದಿದ್ದಾಗ ವಿಷಯ ತಿಳಿದು ಬೆಚ್ಚಿಬಿದ್ದರು. ವರ್ಗವಾದಾಗ ನೆಂಟರು ಹುಡುಗಿಯನ್ನು ಅಮ್ಮನ ಹತ್ತಿರ ಬಿಟ್ಟು ಹೋಗಿದ್ದಾರೆ ಎಂದೇ ಅವರು ತಿಳಿದಿದ್ದರಂತೆ. ಮರುದಿನವೇ ನಿಟ್ಟೂರಿನಲ್ಲಿ ರೈಲು ಹತ್ತಿಸಿ, ತಾವೂ ಜೊತೆಗೆ ಬಂದು, ಶಿವಮೊಗ್ಗದ ಆ ಮನೆಯ ಬಾಗಿಲಿಗೆ ಅವಳನ್ನು ಕರೆದೊಯ್ದರು.

ಕೌಸಲ್ಯಮ್ಮ ಕೆಟ್ಟವಳಲ್ಲ. ಹುಡುಗಿ ನಮ್ಮ ಜೊತೆ ಬಂದದ್ದನ್ನು ಮೇಷ್ಟ್ರು ನಿನಗೆ ಹೇಳಿರುತ್ತಾರೆ ಅಂದುಕೊಂಡೆವು ಎಂದು ಪೇಚಾಡಿದಳು. ಸಿದ್ದಗಂಗಿ ಬಾಗಿಲ ಹಿಂದೆ ನಿಂತಿದ್ದಳು, ಉದ್ದ ಬೆಳೆದಿದ್ದಳು. ಪಾತ್ರೆ ತಿಕ್ಕಿ ತಿಕ್ಕಿ ಬೆರಳು ಬಿರುಕು ಬಿಟ್ಟಿದ್ದರೂ ತೋಳಿನಲ್ಲಿ ಮಾಂಸವಿತ್ತು. ಅಮ್ಮನನ್ನು ಅವಳು ಅಪರಿಚಿತರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಆ ಮನೆಯವರ ಮಾತಿನಲ್ಲೇ ಕೇಳಿದಳು: "ಅಪ್ಪ ಈಗ ಊಟ ಮಾಡ್ತಾರಾ?"

ಊರಿಗೆ ವಾಪಸಾಗುವ ರೈಲಿನಲ್ಲಿ ಅರಸೀಕೆರೆ ದಾಟುವವರೆಗೂ ಹುಡುಗಿ ಅತ್ತಳು.

ಕರೆತಂದದ್ದು ಸರಿಯೋ ತಪ್ಪೋ ಎಂಬುದು ಚಿಕ್ಕಮಾರಮ್ಮನಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಸಿದ್ದಗಂಗಿ ಹದಿನೈದು ತುಂಬುವ ಹೊತ್ತಿಗೆ ತಾನೂ ಮೊನೆಯ ಮುಂದೆ ನಿಂತಳು. ಅರವತ್ತೈದರಲ್ಲಿ ಮಳೆ ಕೈಕೊಟ್ಟು ರಾಗಿ ಸಿಗದಂತಾಗಿ, ಸರ್ಕಾರಿ ರೇಷನ್ ಡಿಪೋದಲ್ಲಿ ಕೆಂಪು ಜೋಳಕ್ಕೆ ಸಾಲು ನಿಲ್ಲಬೇಕಾಯಿತು. ಒಂದು ದಿನ ಆ ಜೋಳದ ಅಂಬಲಿ ಕುಡಿಯುತ್ತ ಮಗಳು, "ಅಲ್ಲೇ ಇದ್ದಿದ್ರೆ ಅನ್ನ ಉಣ್ತಿದ್ದೆ" ಎಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ತಾಯಿ ತನ್ನ ಪಾಲಿನದನ್ನು ಅವಳ ತಟ್ಟೆಗೆ ಸುರಿಯಹೋದಳು. ಮಗಳು ಅಂಗೈ ಅಡ್ಡ ಹಿಡಿದಳು.

ಆ ವರ್ಷವೇ ಇನ್ನೊಂದು ಆಯಿತು. ಅರ್ಧ ಅಳತೆಗೆ ಹೆಂಗಸು ಕಾಯಿ ಸುಲಿಯುತ್ತಾಳೆ ಎಂಬುದು ಸುತ್ತಲಿನ ತೋಟದವರಿಗೆಲ್ಲ ತಿಳಿದಿತ್ತು. ಒಬ್ಬೊಬ್ಬರಾಗಿ ಗಂಡಾಳುಗಳನ್ನು ಬಿಡಿಸಿ ಹೆಣ್ಣಾಳುಗಳನ್ನು ಕರೆಯತೊಡಗಿದರು. ಕೆಲಸ ಕಳೆದುಕೊಂಡವರು ಚಿಕ್ಕಮಾರಮ್ಮನ ಗುಡಿಸಲ ಮುಂದೆ ಬಂದು ಬಾಯಿಗೆ ಬಂದಂತೆ ಬೈದರು. ಊರಿನ ಅನ್ನಕ್ಕೆ ಮಣ್ಣು ಹಾಕಿದವಳು ಎಂದರು. ಮರುವಾರ ಅವರದೇ ಹೆಂಡಿರು, ಸೊಸೆಯರು, ಹೇಗೆ ಸುಲಿಯುವುದು ತೋರಿಸಿಕೊಡು ಎಂದು ಬಂದು ಕೂತರು. ಅವರಿಗೆ ಅಂಗೈಗೆ ಬಟ್ಟೆ ಸುತ್ತುವುದನ್ನು, ಎದೆಗೆ ಪೆಟ್ಟಾಗದಂತೆ ಬಗ್ಗುವುದನ್ನು ತೋರಿಸಿಕೊಟ್ಟಳು.

ಆ ಹೆಂಗಸರನ್ನೆಲ್ಲ ಒಂದು ಕಡೆ ಕೂರಿಸಿ, ಗಂಡಾಳಿಗೆ ಅಳೆಯುತ್ತಿದ್ದಷ್ಟೇ ನಮಗೂ ಅಳೆಯಲಿ, ಎಲ್ಲರೂ ಕೇಳೋಣ ಎಂದು ಒಮ್ಮೆ ಹೇಳಿನೋಡಿದಳು. ಅವರು ಹೂಂ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ರಂಗಲಕ್ಷ್ಮಮ್ಮ ತೀರಿಕೊಂಡಿದ್ದಳು. ಪಟೇಲ ಅಣ್ಣಯ್ಯಪ್ಪನವರ ಎದುರು ಹೋಗಿ ನಿಂತಾಗ ಅವಳ ಪಕ್ಕದಲ್ಲಿ ಮಗಳನ್ನು ಬಿಟ್ಟು ಯಾರೂ ಇರಲಿಲ್ಲ.

"ಬ್ಯಾಡಾಂದ್ರೆ ಬುಡು. ನಿನ್ ಜಾಗಕ್ಕೆ ಜನ ನಿಂತವ್ರೆ," ಎಂದರು ಅವರು.

ಅವಳು ಮನೆಗೆ ಬಂದು ಅಂದೆಲ್ಲ ಕಾಯಿ ಮುಟ್ಟಲಿಲ್ಲ. ಬೇಲಿಯಾಚೆ ಚಪ್ಪರದಲ್ಲಿ ಬೇರೆ ಹೆಂಗಸರು ಸುಲಿಯುವ ಸದ್ದು ಸಂಜೆಯವರೆಗೂ ಕೇಳುತ್ತಿತ್ತು. ಬೆಳಗಾದ ಮೇಲೆ ತಾಯಿ ಮಗಳಿಬ್ಬರೂ ಎದ್ದು, ಕೈಗೆ ಬಟ್ಟೆ ಸುತ್ತಿಕೊಂಡು ಅದೇ ಚಪ್ಪರಕ್ಕೆ ಹೋದರು. ಅಲ್ಲಿದ್ದವರು ಸ್ವಲ್ಪ ಸರಿದು ಜಾಗ ಬಿಟ್ಟರು.