ಹೊಲಿಗೆಗೆ ಒಂದು ಸೆಂಟಿಮೀಟರ್

ಬಾಯಿ ಮುಚ್ಚಿಕೊಂಡಿದ್ದರೆ ಆ ವಾರವೂ ಅವನು ತನ್ನ ಪಾಡಿಗೆ ತಾನು ಅಂಗಿ ಕತ್ತರಿಸಿಕೊಂಡು ಇದ್ದುಬಿಡುತ್ತಿದ್ದ. ಆದರೆ ಫೋನಿನಲ್ಲಿ ಅಕ್ಕ ಮಕ್ಕಳನ್ನು ಯಾರ ಹತ್ತಿರ ಬಿಡಲಿ ಎಂದದ್ದು ಕೇಳಿ ಎಲ್ಲಿಲ್ಲದ ಹುಮ್ಮಸ್ಸು ಬಂತು. "ದಿನಕ್ಕೆ ಇನ್ನೂರು ಅಂಗಿ ಕಟ್ ಮಾಡೋನು ನಾನು. ಎರಡು ಮಕ್ಕಳಿಗೆ ಪಾಠ ಹೇಳೋದು ಯಾವ ಮಹಾ ಕೆಲ್ಸ ಅಕ್ಕಾ? ನೀನು ನಿಶ್ಚಿಂತೆಯಾಗಿ ಹೋಗ್ ಬಾ" ಅಂದುಬಿಟ್ಟ. ಅಕ್ಕ ನರ್ಸು. ಆರು ದಿನದ ತರಬೇತಿಗೆಂದು ಆಸ್ಪತ್ರೆಯವರು ಬೇರೆ ಊರಿಗೆ ಕಳಿಸುತ್ತಿದ್ದರು. ಭಾವ ಲಾರಿ ಓಡಿಸುವವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದವನು ಇವನೇ, ಸಿದ್ಧ ಉಡುಪು ಹೊಲಿಯುವ ಕಾರ್ಖಾನೆಯ ಕಟಿಂಗ್ ಮಾಸ್ಟರ್. ಮಾಸ್ಟರ್ ಅನ್ನೋ ಹೆಸರು ಹೇಗೂ ಇದೆಯಲ್ಲ, ಪಾಠ ತಾನಾಗಿ ಬರುತ್ತದೆ ಅಂದುಕೊಂಡಿದ್ದ.

ಪಾಠ ಬೇಕಾಗಿದ್ದು ಮುಖ್ಯವಾಗಿ ಏಳು ವರ್ಷದ ಸೋದರಳಿಯನಿಗೆ. ಮೂರು ತಿಂಗಳ ಹಿಂದೆ ಪಕ್ಕದ ಮನೆಯ ಕಾಂಪೌಂಡಿನಿಂದ ಹಾರಿ ಕಾಲು ಮುರಿದುಕೊಂಡಿದ್ದ. ಅಂದಿನಿಂದ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನೀರು ಕೊಡು, ಫ್ಯಾನ್ ಹಾಕು ಎಂದು ಅಪ್ಪಣೆ ಮಾಡುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ಸಾಹೇಬ ಅಂತಲೇ ಹೆಸರು. ಶಾಲೆ ತಪ್ಪಿದ್ದರಿಂದ ಡ್ಯೂಟಿಯ ನಡುವೆ ಅಕ್ಕನೇ ಓದಿಸುತ್ತಿದ್ದಳು. ಶನಿವಾರ ಶಾಲೆಯ ಟೀಚರು ಮನೆಗೇ ಬಂದು ಓದು, ಬರಹ, ಲೆಕ್ಕ ಮೂರನ್ನೂ ಪರೀಕ್ಷೆ ಮಾಡುತ್ತಾರೆ. ಮೂರರಲ್ಲೂ ಪಾಸಾದರೆ ಗೆಳೆಯರ ಜೊತೆ ಎರಡನೇ ಕ್ಲಾಸು. ಇಲ್ಲವಾದರೆ ಮತ್ತೆ ಒಂದನೇ ಕ್ಲಾಸು. ಈ ವರ್ಷ ಒಂದನೇ ಕ್ಲಾಸಿಗೆ ಸೇರುವವಳು ಅವನ ತಂಗಿ ಪುಟ್ಟಿ.

"ಅಣ್ಣ ನನ್ ಬೆಂಚಲ್ಲೇ ಕೂತ್ಕೋತಾನೆ" ಎಂದು ಪುಟ್ಟಿ ಬೀದಿಗೆಲ್ಲ ಆಗಲೇ ಸಾರಿ ಬಂದಿದ್ದಳು.

"ಇವಳ ಪಕ್ಕ ಕೂರೋ ಬದ್ಲು ಇನ್ನೊಂದು ಕಾಲೂ ಮುರ್ಕೋತೀನಿ" ಅಂದ ಸಾಹೇಬ. "ಎಲ್ರೂ ನಗ್ತಾರೆ ಮಾಮಾ." ಹೇಳುವಾಗ ತುಟಿ ಅದುರುತ್ತಿತ್ತು. ಮಾಮ ತಮಾಷೆ ಮಾಡಲು ಹೊರಟವನು ಅವನ ಪುಸ್ತಕ ಕೈಗೆತ್ತಿಕೊಂಡ.

ಕಾರ್ಖಾನೆಗೆ ಆರು ದಿನ ರಜೆ ಹಾಕಿ ಬಂದವನು ಸೋಮವಾರ ಬೆಳಿಗ್ಗೆ ಬೀರುವಿನ ಬಾಗಿಲ ಮೇಲೆ ಬಟ್ಟೆಗೆ ಗೆರೆ ಎಳೆಯುವ ಚಾಕಿನಿಂದ ವೇಳಾಪಟ್ಟಿ ಬರೆದ. ಒಂಬತ್ತಕ್ಕೆ ಓದು, ಹತ್ತಕ್ಕೆ ಬರಹ, ಹನ್ನೊಂದಕ್ಕೆ ಲೆಕ್ಕ. ಅಕ್ಷರ ದುಂಡಗೆ ಬಂದಿದ್ದು ನೋಡಿ ತನಗೆ ತಾನೇ ಬೆನ್ನು ತಟ್ಟಿಕೊಂಡ. ಒಂಬತ್ತೂವರೆಯಾದರೂ ಪುಟ್ಟಿಯ ಎರಡನೇ ಚಪ್ಪಲಿ ಸಿಕ್ಕಿರಲಿಲ್ಲ. ಮನೆಯೊಳಗೆ ಪಾಠಕ್ಕೆ ಚಪ್ಪಲಿ ಯಾಕೆ ಎಂದರೆ, "ಸ್ಕೂಲಿಗೆ ಬರಿಗಾಲಲ್ಲಿ ಹೋಗ್ತಾರಾ ಯಾರಾದ್ರೂ?" ಅಂದಳು. ಮಧ್ಯಾಹ್ನದ ಹೊತ್ತಿಗೆ ವೇಳಾಪಟ್ಟಿಯ ಅರ್ಧ ಅವಳ ಫ್ರಾಕಿಗೆ ಮೆತ್ತಿಕೊಂಡಿತ್ತು.

ಮಂಗಳವಾರ ಅಳತೆಯ ಪಾಠ. ಇದರಲ್ಲಾದರೂ ತನ್ನನ್ನು ಯಾರೂ ಅಲ್ಲಾಡಿಸುವಂತಿಲ್ಲ ಎಂದು ಕೊರಳಿನಿಂದ ಟೇಪು ತೆಗೆದು ಪುಸ್ತಕದ ಮೇಲೆ ಹಿಡಿದ. "ಇಪ್ಪತ್ತೆರಡು, ಬರ್ಕೋ."

"ಇಲ್ಲಿ ಇಪ್ಪತ್ತೊಂದು ಅಂತ ಇದ್ಯಲ್ಲ ಮಾಮಾ?"

ಅಷ್ಟರಲ್ಲಿ ಅಡುಗೆಮನೆಯಲ್ಲಿ ಪುಟ್ಟಿ ಹಾಲಿನ ಪಾತ್ರೆಯನ್ನು ಎಳೆಯುವ ಸದ್ದು. "ಹೊಲಿಗೆಗೆ ಒಂದು ಬಿಡ್ಬೇಕಲ್ವೇನೋ!" ಎಂದು ಎದ್ದು ಓಡಿದ. ಕಾರ್ಖಾನೆಯಲ್ಲಿ ಅಳತೆ ಎಷ್ಟೇ ಬರಲಿ, ಹೊಲಿಗೆ ಹಿಡಿಯಲು ಅಂಚಿಗೆ ಒಂದು ಸೆಂಟಿಮೀಟರ್ ಸೇರಿಸಿಯೇ ಕತ್ತರಿಸುವುದು. ಆರು ವರ್ಷದಿಂದ ಅದು ಉಸಿರಾಡಿದಷ್ಟೇ ಸಲೀಸು. ನೆಲದ ಹಾಲು ಒರೆಸುವಷ್ಟರಲ್ಲಿ ಆ ಮಾತು ಅವನ ತಲೆಯಿಂದಲೂ ಒರೆಸಿಹೋಯಿತು. ಸಾಹೇಬ ಮಾತ್ರ ಸ್ಲೇಟು, ಪೆನ್ಸಿಲು, ದಿಂಬು, ಪುಟ್ಟಿಯ ಜಡೆ ಎಲ್ಲವನ್ನೂ ಸಂಜೆಯವರೆಗೆ ಅಳೆಯುತ್ತಲೇ ಇದ್ದ. ಅಳತೆ ಬಂತು ಎಂದು ಮಾಮ ನಿರಾಳವಾದ.

ಬಾರದೇ ಕಾಡಿದ್ದು ಕಳೆಯುವ ಲೆಕ್ಕ. ಬುಧವಾರ ಒಂಬತ್ತು ಬಿಸ್ಕತ್ತು ಜೋಡಿಸಿಟ್ಟು, "ನಾಲ್ಕು ತೆಗೆದ್ರೆ ಎಷ್ಟು ಉಳೀತೋ?" ಎಂದು ಕೇಳಿದ.

"ಎರಡು."

ಬಯ್ಯಲು ಬಾಯಿ ತೆರೆದವನು ಕೆಳಗೆ ನೋಡಿದರೆ ತಟ್ಟೆಯಲ್ಲಿ ಎರಡೇ ಇದ್ದವು. ಪುಟ್ಟಿ ಕೆನ್ನೆ ಉಬ್ಬಿಸಿಕೊಂಡು ಸೂರು ನೋಡುತ್ತಿದ್ದಳು.

ಗುರುವಾರದ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಎಂಟು ಗಂಟೆ ನಿಂತು ಕತ್ತರಿಸುವವನಿಗೆ ಮೂರು ಗಂಟೆ ಚಾಪೆಯ ಮೇಲೆ ಕೂರುವುದಕ್ಕೆ ಆಗುತ್ತಿರಲಿಲ್ಲ. ಕಾರ್ಖಾನೆಯ ಬಟ್ಟೆ ಎಷ್ಟು ಒಳ್ಳೆಯದು! ಹಾಸಿದಲ್ಲಿ ಬಿದ್ದಿರುತ್ತದೆ, ಯಾಕೆ ಅಂತ ಕೇಳುವುದಿಲ್ಲ, ಉಚ್ಚೆ ಬಂತು ಅನ್ನುವುದಿಲ್ಲ. ಹನ್ನೆರಡರಲ್ಲಿ ಐದು ಕಳೆದರೆ ಎಷ್ಟು ಎಂದು ಒಂಬತ್ತನೇ ಸಲ ಕೇಳಿದಾಗಲೂ ಸಾಹೇಬ "ಹದಿನೇಳು" ಅಂದಾಗ ಅವನ ತಾಳ್ಮೆ ಕೈಕೊಟ್ಟಿತು. "ಹೋಗು, ಪುಟ್ಟಿ ಪಕ್ಕಾನೇ ಕೂತ್ಕೋ ಹೋಗು!" ಎಂದು ಕಿರುಚಿದ. ಹುಡುಗ ಗೋಡೆಯ ಕಡೆ ತಿರುಗಿ ಸದ್ದಿಲ್ಲದೆ ಅತ್ತ. ಆಮೇಲೆ ಎಷ್ಟು ಕರೆದರೂ ತಿರುಗಲಿಲ್ಲ. ರಾತ್ರಿ ಅಕ್ಕ ಫೋನು ಮಾಡಿದಾಗ, "ಎಲ್ಲಾ ಚೆನ್ನಾಗಿ ನಡೀತಿದೆ ಅಕ್ಕಾ" ಅಂದ. ಆ ಸುಳ್ಳಿಗೂ ದಣಿವಾಗಿತ್ತು. ಶುಕ್ರವಾರ ಯಾರಿಗೂ ಯಾರ ಮೇಲೂ ರೇಗುವಷ್ಟು ತ್ರಾಣ ಉಳಿದಿರಲಿಲ್ಲ.

ಶನಿವಾರ ಬಂದ ಟೀಚರು ವಯಸ್ಸಾದವರು, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದರು. ಓದು ಆಯಿತು, ಬರಹವೂ ಆಯಿತು. ಲೆಕ್ಕದ ಹಾಳೆಯಲ್ಲಿ ಕಳೆಯುವ ಐದರಲ್ಲಿ ಎರಡು ಸರಿ. ಉಳಿದದ್ದು ಗೆರೆ ಅಳೆಯುವ ಐದು. ಬಚಾವ್, ಎಂದು ಮಾಮ ಉಸಿರು ಬಿಟ್ಟ. ಟೀಚರ ಕೆಂಪು ಪೆನ್ನು ಒಂದಾದ ಮೇಲೊಂದು ಐದಕ್ಕೂ ತಪ್ಪು ಹಾಕಿತು.

"ಐದೂ ತಪ್ಪು. ಪಾಸಾಗಲ್ಲಪ್ಪ ಇದು" ಅಂದರು ಟೀಚರು ಬೇಸರದಿಂದ. "ಎಲ್ಲದಕ್ಕೂ ಒಂದು ಜಾಸ್ತಿ ಬರ್ದಿದೀಯಲ್ಲ, ಯಾಕೆ ಮರಿ?"

"ಹೊಲಿಗೆಗೆ ಬೇಡ್ವಾ ಮಿಸ್?" ಅಂದ ಸಾಹೇಬ.

ಮಾಮನಿಗೆ ಮಂಗಳವಾರದ ಹಾಲು, ಟೇಪು, ತನ್ನ ಬಾಯಿ ಎಲ್ಲ ಒಟ್ಟಿಗೆ ನೆನಪಾಯಿತು. "ತಪ್ಪು ನಂದು ಟೀಚರ್. ನಾನು ಕಟಿಂಗ್ ಕೆಲ್ಸದೋನು. ಗೊತ್ತಿಲ್ದೇ ಅದನ್ನೇ ಹೇಳ್ಕೊಟ್ಬಿಟ್ಟೆ. ಬೇಕಾದ್ರೆ ನನ್ನನ್ನ ಒಂದನೇ ಕ್ಲಾಸಿಗೆ ಹಾಕ್ಕೊಳ್ಳಿ, ಅವನನ್ನ ಬಿಟ್ಬಿಡಿ."

"ನಿಮ್ಗೆ ಬೆಂಚು ಸಾಲಲ್ಲ" ಅಂದರು ಟೀಚರು ನಗದೆ. ಅಳತೆಪಟ್ಟಿಯನ್ನು ಹುಡುಗನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. "ಈಗ ಹೊಲಿಗೆ ಬಿಟ್ಟು ಹೇಳು, ನೋಡೋಣ."

ಹುಡುಗ ತಾನು ಬರೆದಿದ್ದರ ಮೇಲೆ ಒಂದು ಸಲ ಕಣ್ಣಾಡಿಸಿದ. "ಏಳು, ಹನ್ನೊಂದು, ನಾಲ್ಕು, ಒಂಬತ್ತು, ಹದಿನಾರು." ಬೆರಳೂ ಎಣಿಸಲಿಲ್ಲ.

ಟೀಚರು ಕನ್ನಡಕ ಸರಿಮಾಡಿಕೊಂಡರು. "ಹನ್ನೆರಡು ಮೀಟರ್ ಬಟ್ಟೆ ಇತ್ತು. ಐದು ಕತ್ತರಿಸ್ದೆ. ಎಷ್ಟು ಉಳೀತು?"

"ಏಳು." ಹೇಳಿದ ಮೇಲೆ ಸಾಹೇಬನೇ ಬೆಚ್ಚಿಬಿದ್ದು ಮಾಮನ ಮುಖ ನೋಡಿದ. ಹಾಳೆಯಲ್ಲಿ ತಪ್ಪಿದ್ದ ಮೂರು ಲೆಕ್ಕಗಳನ್ನೂ ಟೀಚರು ಬಟ್ಟೆ ಮಾಡಿ ಕೇಳಿದರು. ಒಂದು ತಪ್ಪಿತು, ಎರಡು ಸರಿಯಾದವು. "ಸಾಕು" ಎಂದು ಹಾಳೆಯ ತಲೆಯ ಮೇಲೆ ಪಾಸು ಎಂದು ಬರೆದು, ಮೊಣಕಾಲು ಹಿಡಿದುಕೊಂಡು ಎದ್ದರು. "ಇನ್ಮೇಲೆ ಅಳತೆ ಪಾಠ ಇವರಮ್ಮನೇ ಮಾಡ್ಲಿ" ಅಂದರು ಬಾಗಿಲಲ್ಲಿ.

ಅವರು ಹೋದದ್ದೇ ತಡ, ಪುಟ್ಟಿ ಗೊಳೋ ಎಂದು ಅತ್ತಳು. "ನನ್ ಪಕ್ಕ ಯಾರು ಕೂತ್ಕೋತಾರೆ ಹಾಗಾದ್ರೆ?" ಸಾಹೇಬ ತನ್ನ ಪೆನ್ಸಿಲನ್ನು ಅವಳಿಗೆ ಕಚ್ಚಲು ಕೊಟ್ಟ. ಮಾಮನಿಗೆ ಸಮಾಧಾನ ಮಾಡುವ ಚೈತನ್ಯವಿರಲಿಲ್ಲ. ಚಾಪೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡು ಕಣ್ಣು ಮುಚ್ಚಿದ.

ಅರೆನಿದ್ದೆಯಲ್ಲಿ ಪ್ಲಾಸ್ಟರ್ ಕಾಲು ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ತಲೆಯ ಹತ್ತಿರ ಟೇಪಿನ ತಣ್ಣನೆಯ ತುದಿ ತಾಗಿತು. ಪಾದದ ಕಡೆಯಿಂದ ಪುಟ್ಟಿಯ ಮೂಗು ಸೊರಸೊರ ಎಂದಿತು.

"ಒಂದು ಟೇಪು, ಮೇಲೆ ಹದಿನೈದು" ಅಂದ ಸಾಹೇಬ.

"ಹೊಲಿಗೆಗೆ?" ಅಂದಳು ಪುಟ್ಟಿ.

"ಬೇಡ. ಮಾಮ ಇರೋದೇ ಇಷ್ಟು."