ನಾನು ಬದಲಿಸಿದ ಚೀಟಿಗಳು

ಆ ಸಿನಿಮಾ ನೋಡಬಾರದಿತ್ತು ಅಂತ ಈಗೂ ಅನಸ್ತದ. ಮಂದಿಗೆ ಅದು ಹಳೇ ಇಂಗ್ಲಿಷ್ ಸಿನಿಮಾ, ಕಪ್ಪು-ಬಿಳುಪಿಂದು. ನನಗ ಮಾತ್ರ ಯಾರೋ ನನ್ನ ಮನಿಗೆ ಬಂದು ಪಂಚನಾಮೆ ಮಾಡಿದಂಗ ಆಗಿತ್ತು.

ನಾನು ದೇವಾಪುರದ ಸಾಲಿ ಮಾಸ್ತರ. ಮನಿ ಸುರಪುರದಾಗ. ನನ್ನ ಹೆಂಡತಿ ಮನ್ಯಾಗ ಮಷೀನ್ ಇಟ್ಟುಕೊಂಡು ಸೀರಿ ಮ್ಯಾಲೆ ತೊಡೋ ಜಂಪರ್ ಹೊಲಿತಿದ್ದಳು. ನಮ್ಮ ಓಣಿ ಬಿಡ್ರಿ, ಹುಣಸಗಿಯಿಂದ ಸುದ್ದಾ ಬಸ್ ಹತ್ತಿ ಹೆಣ್ಮಕ್ಕಳು ಬರತಿದ್ರು. ಬಂದವರು ಹೊಸ ಅರಿವಿ ಜೋಡಿ, ಮೈಗೆ ಸರಿ ಕೂಡೋ ಹಳೇ ಜಂಪರ್ ಒಂದು ಬಿಟ್ಟು ಹೋಗತಿದ್ರು. ಅದೇ ಅಳತಿ ಜಂಪರ್. ಟೇಪ್ ಹಿಡಿಯೋ ಗೋಜಿಲ್ಲ, ಅದನ್ನ ನೋಡೇ ಅಕಿ ಕತ್ತರಿ ಆಡಿಸ್ತಿದ್ದಳು. ಅದಕ್ಕೊಂದು, ಹೊಸ ಅರಿವಿಗೊಂದು ಹೆಸರಿನ ಚೀಟಿ ಬರೆದು ಪಿನ್ ಹಾಕಿ ಇಡತಿದ್ದಳು. ಹನ್ನೊಂದು ವರ್ಷದಾಗ ಒಂದು ಜಂಪರೂ ಕೆಟ್ಟಿರಲಿಲ್ಲ.

ಒಂದು ದಿನ ನಾ ಸಾಲಿಯಿಂದ ಬಂದೆ. ಕುಂದರಾಕ ಮಂಚದ ಮ್ಯಾಲೆ ಜಾಗಿಲ್ಲ, ಬರೇ ಜಂಪರ್. ಸಿಟ್ಟಿಗೆ ಒಂದ ಸಲಕ್ಕ ಸರಿಸಿದೆ. ಎರಡು ಅಳತಿ ಜಂಪರಿನ ಚೀಟಿ ಕಿತ್ತು ಬಿದ್ದವು. ಯಾವುದು ಯಾವುದರದು ಅಂತ ಯಾರಿಗೆ ಗೊತ್ತು, ತಿಳಿದಂಗ ಚುಚ್ಚಿಟ್ಟೆ. ಅದರಾಗ ಒಂದು ಬಾಜೂಮನಿ ಖಾಲಾನ ಮಗಳದಿತ್ತು. ಮುಂದ ಎರಡ ದಿನಕ್ಕ ಹುಡುಗಿ ನಿಕಾ. ಹೊಲಿದ ಜಂಪರ್ ತೋಳಿನ್ಯಾಗ ಇಳಿಯಲೇ ಇಲ್ಲ.

ಖಾಲಾ ಬೈಯಲಿಲ್ಲ. “ನಿನ್ನ ಕೈಯಾಗ ಹಿಂಗಾತಲ್ಲ ಬೇಟಿ,” ಅಂತಷ್ಟೇ ಅಂದು ಹೋದಳು. ನನ್ನ ಹೆಂಡತಿ ಚೀಟಿ ಹಿಡಕೊಂಡು ಕುಂತುಬಿಟ್ಟಳು. “ನಾನೇ ಅದಲು-ಬದಲು ಹಚ್ಚೀನೇನ್ರಿ?” ಅಂದಳು. ನಾನು ಹಚ್ಚಿದ್ದು ಅಂತ ಹೇಳಾಕ ಎಷ್ಟು ಹೊತ್ತು ಬೇಕಿತ್ತು? ಆದ್ರ ನನ್ನ ಬಾಯಿಂದ ಬಂದಿದ್ದು ಬ್ಯಾರೆ. “ಈಚೀಚಿಗೆ ನಿನಗ ಮರೆವು ಹೆಚ್ಚಾಗ್ಯಾದ,” ಅಂದೆ.

ಆ ವಾರ ಗಿರಾಕಿ ಕಮ್ಮಿ ಬಂದ್ರು. ಸಂಜಿಕ ಬಂದ್ರ ಬಿಸಿ ಚಾ, ಬಾಜೂಕ ಹೆಂಡತಿ, ಖಾಲಿ ಮಂಚ. ಥೂ, ನನಗ ಅದು ಹಿತ ಅನಿಸ್ತು. ಮುಂದ ಮತ್ತ ಗಿರಾಕಿ ಹೆಚ್ಚಾದಾಗ ಚೀಟಿ ನಾನೇ ಕಿತ್ತು ಬದಲಿಸಿದೆ, ಬೇಕಂತಲೇ. ಹಂಗ ಮೂರು ಸಲ. ಒಮ್ಮೆ ಕತ್ತರಿ ಒಯ್ದು ಹಿಟ್ಟಿನ ಡಬ್ಬಿಯಾಗ ಇಟ್ಟು, ಅಕಿ ಹುಡುಕೋದು ನೋಡಕೋತ ಪೇಪರ್ ಓದಿದೆ. ಕಡೀಕ ಅಕಿ ಮಷೀನಿಗೆ ಹಳೇ ಸೀರಿ ಹೊಚ್ಚಿ, ಬಂದವರನ್ನೆಲ್ಲ ಹೊಳ್ಳಿ ಕಳಸಿದಳು. ನಾನು ಗೆದ್ದಿದ್ದೆ.

ಗೆದ್ದಿದ್ದು ಏನಂತೀರಿ? ಆಮ್ಯಾಲೆ ನಾ ಏನೂ ಮಾಡಬೇಕಾಗಲಿಲ್ಲ. ಕೀಲಿ ಹಾಕಿ ಓಣಿ ತುದಿ ತನಕ ಹೋಗಿ ಹೊಳ್ಳಿ ಬರಾಕಿ, ಹಾಕೀನೋ ಇಲ್ಲೋ ಅಂತ. ಸಾರಿಗೆ ಉಪ್ಪು ಹಾಕಿ, “ಹಾಕೀನೇನ್ರಿ?” ಅಂತ ನನ್ನ ಕೇಳಾಕಿ. ಎರಡು ವರ್ಷ ಹಿಂಗಾದ ಮ್ಯಾಲೆ ಒಂದು ಮುಂಜಾನಿ ತಾನೇ ಅಂದಳು: “ನನ್ನ ಯಾದಗಿರಿಗೆ ಕರ್ಕೊಂಡು ಹೋಗ್ರಿ. ತಲಿ ಡಾಕ್ಟರಿಗೆ ತೋರಸ್ರಿ.”

ಯಾದಗಿರಿ ಡಾಕ್ಟರು ಎಲ್ಲಾ ನನ್ನನ್ನೇ ಕೇಳಿದ್ರು. ಪೇಶಂಟಿಗೇ ಮರೆವು ಅಂದಮ್ಯಾಲೆ ಗಂಡನ್ನೇ ಕೇಳಬೇಕಲ್ಲ. ನಾನು ಜಂಪರಿನ ಕಥಿ ಹೇಳಿದೆ, ಕತ್ತರಿ ಹಿಟ್ಟಿನ್ಯಾಗ ಸಿಕ್ಕಿದ್ದೂ ಹೇಳಿದೆ. ಅವರು ಬರಕೊಂಡ್ರು. ಸ್ಕ್ಯಾನ್ ಮಾಡಿಸಿ, ರಿಪೋರ್ಟಿಗೆ ನಾಕಕ್ಕ ಬರ್ರಿ ಅಂದ್ರು.

ನಡುವಿನ ಹೊತ್ತು ಕಳಿಯಾಕ ಅಲ್ಲೇ ಇರೋ ನನ್ನ ಗೆಳೆಯನ ಮನಿಗೆ ಹೋದ್ವಿ. ಅವ ಕಾಲೇಜಿನ್ಯಾಗ ಇಂಗ್ಲಿಷ್ ಹೇಳಾಂವ, ಸಿನಿಮಾ ಹುಚ್ಚ. ಟೀವಿಗೆ ಆ ಸಿನಿಮಾ ಹಚ್ಚಿ, ಭಾರಿ ಪಿಕ್ಚರ್ ನೋಡ್ರಿ ಅಂದ. ಹೆಂಡತಿಗೆ ಇಂಗ್ಲಿಷ್ ಬರಂಗಿಲ್ಲ. ನಾನೇ ಒಂದೊಂದು ಮಾತು ಕನ್ನಡದಾಗ ಹೇಳಕೋತ ಕುಂತೆ. ಅದರಾಗ ಗಂಡ ತನ್ನ ಹೆಂಡತಿ ಸಾಮಾನು ತಾನೇ ಬಚ್ಚಿಡ್ತಾನ, ನಿನ್ನ ತಲಿ ಕೆಟ್ಟದ ಅಂತ ಅಕಿಗೆ ನಂಬಸ್ತಾನ. ಅರ್ಧಕ್ಕ ಬಂದಾಗ ಕನ್ನಡದಾಗ ಹೇಳೋದು ನಿಲ್ಲಿಸಿದೆ. ಅವನು ಬಚ್ಚಿಡೋದು ತೆರಿ ಮ್ಯಾಲೆ ಕಾಣ್ತಿತ್ತು, ಅದಕ್ಕ ಕನ್ನಡ ಬೇಕಿರಲಿಲ್ಲ. ಹೆಂಡತಿ ಕಡೆ ನೋಡಿದೆ. ಅಕಿ ಕಣ್ಣಿಗೆ ಸೆರಗು ಹಚ್ಚಿದ್ದಳು.

“ಎಂಥಾ ಗಂಡ ಸಿಕ್ಕಾನ ನೋಡ್ರಿ ಪಾಪ ಅಕಿಗೆ,” ಅಂದಳು. “ನನ್ನ ಪುಣ್ಯ.” ಗೆಳೆಯ ನಕ್ಕ. ನನಗ ಎದ್ದು ಓಡಿಹೋಗಬೇಕು ಅನಿಸ್ತು.

ನಾಕಕ್ಕ ಡಾಕ್ಟರು ಸ್ಕ್ಯಾನಿನ್ಯಾಗ ಏನೂ ಇಲ್ಲ ಅಂದ್ರು. ಗುಳಿಗಿ ಬರದು, ಮುಂದಿನ ತಿಂಗಳು ಬರ್ರಿ ಅಂದ್ರು. ಹೊರಗ ಬಂದು ಹೆಂಡತಿ, “ಫೋಟೋದಾಗೂ ಕಾಣವಲ್ದು ಅಂದ್ರ ಭಾಳ ಒಳಗ ಅದ,” ಅಂದಳು. ಆ ಮಾತು ಕೇಳಿ ನನಗ ತಡಕೊಳ್ಳಾಕ ಆಗಲಿಲ್ಲ. ಬಸ್ಸು ಶಹಾಪುರ ಸ್ಟ್ಯಾಂಡಿನ್ಯಾಗ ನಿಂತಾಗ, ಮಂದಿ ಇಳಿದು ಹತ್ತೋ ಗದ್ದಲದಾಗ ಹೇಳಿದೆ: ಚೀಟಿ ನಾನು ಬದಲಿಸಿದ್ದು. ಕತ್ತರಿ ನಾನು ಇಟ್ಟಿದ್ದು. ನಿನ್ನ ತಲಿ ನೆಟ್ಟಗದ.

ಅಕಿ ನನ್ನ ಮಾರಿ ನೋಡಿದಳು. ಸಿಟ್ಟು ಬರ್ತದ, ಬೈತಾಳ ಅಂತ ಕುಂತಿದ್ದೆ. “ಆ ಸಿನಿಮಾದಾಗಿಂದು ನನಗ ಹೇಳಾಕತ್ತೀರಿ. ನನಗ ಸಮಾಧಾನ ಆಗಲಿ ಅಂತ. ಬಿಡ್ರಿ,” ಅಂದಳು.

ನಾ ಬಿಡಲಿಲ್ಲ. ಮರುದಿನ ಕೈ ಹಿಡಿದು ಖಾಲಾನ ಮನಿಗೆ ಕರ್ಕೊಂಡು ಹೋದೆ. ನಿಂತಲ್ಲೇ ಎಲ್ಲಾ ಹೇಳಿದೆ, ನಿಮ್ಮ ಮಗಳ ಜಂಪರ್ ಕೆಡಸಿದಾಂವ ನಾನು ಅಂದೆ. ಖಾಲಾ ನನ್ನ ಹೆಂಡತಿ ತಲಿ ಸವರಿ, “ನಸೀಬಿನಾಕಿ ನೀ. ಹೆಂಡ್ತಿ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳೋ ಗಂಡ ಎಲ್ಲಿ ಸಿಗ್ತಾನ,” ಅಂದಳು.

ಮನಿಗೆ ಬಂದು ಮಷೀನಿನ ಮ್ಯಾಲಿನ ಸೀರಿ ತಗದೆ. ಕುಂದರು, ನಿನ್ನದೇ ಒಂದು ಹೊಲಿ, ನೋಡೂಣು ಅಂದೆ. ಅಕಿ ಆ ಸೀರಿ ನನ್ನ ಕೈಯಿಂದ ಇಸಗೊಂಡು, ಮತ್ತ ಹೊಚ್ಚಿ, ಮೂಲಿ ನಾಕೂ ಸರಿಮಾಡಿದಳು.

“ಇನ್ನೊಮ್ಮೆ ಆ ಮಾತು ಆಡಬ್ಯಾಡ್ರಿ. ನನ್ನ ತಲಿ ಮ್ಯಾಲಿನ ನಂಬಿಕಿ ಹೋಗ್ಯಾದ. ನಿಮ್ಮ ಮ್ಯಾಲಿಂದು ಒಂದು ಉಳದದ. ಅದನ್ನರ ಇರಗೊಡ್ರಿ.”

ನಾನು ಹೂಂ ಅಂದೆ.